ಗಡಿನಾಡಿನ ಮಕ್ಕಳೂ ಶುದ್ಧಲೇಖನವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯೆಂದರೆ ದೊಡ್ಡ ಮಾತುಗಳಿಗೆ ಮೀಸಲಾದ ಸ್ಥಳ. ನಾಡಿನ ಹಿರಿಮೆ, ನುಡಿಯ ಪ್ರಾಚೀನತೆ, ಗಡಿಯ ಬವಣೆ ಇವುಗಳನ್ನು ಕುರಿತು ನಮಗಿಂತ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಾವು ಆರಿಸಿಕೊಂಡ ವಿಷಯ ಬಲು ಸಣ್ಣದು. ನಮ್ಮ ಮಕ್ಕಳಿಗೆ ಕನ್ನಡವನ್ನು ತಪ್ಪಿಲ್ಲದೆ ಬರೆಯಲು ಕಲಿಸುವುದು ಹೇಗೆ ಎಂಬುದೇ ಆ ವಿಷಯ. ಆಯುಷ್ಯದ ಬಹುಭಾಗವನ್ನು ಸೀಮೆಸುಣ್ಣ ಹಿಡಿದು ಕಳೆದ ನಮಗೆ ಇದು ಸಣ್ಣದಾಗಿ ಕಾಣುವುದಿಲ್ಲ. ಕಾಗುಣಿತಕ್ಕೆ ಅಂಜಿ ಕನ್ನಡವನ್ನೇ ಬಿಟ್ಟ ಮಕ್ಕಳನ್ನು ನಾವು ಕಂಡಿದ್ದೇವೆ. ಆದುದರಿಂದ ಈ ಹೊತ್ತು ಇದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಊರಿನ ಹೆಸರಿನಿಂದಲೇ ಪ್ರಾರಂಭಿಸೋಣ. ನಾವು 'ಕಾಣಕೋಣ' ಎಂದು ಬರೆಯುತ್ತೇವೆ. ನೆರೆಯ ಕೊಂಕಣಿ ಬಂಧುಗಳು ದೇವನಾಗರಿಯಲ್ಲಿ ಇವೇ ನಾಲ್ಕು ಅಕ್ಷರಗಳನ್ನು ಬರೆದು 'ಕಾಣ್‌ಕೋಣ್' ಎಂದು ಓದುತ್ತಾರೆ. ರೋಮನ್ ಲಿಪಿಯ ಫಲಕವನ್ನು ನೋಡಿ ಬರೆಯುವ ಹುಡುಗ 'ಕನಕೋನ' ಎಂದು ಬರೆದುಬಿಡುತ್ತಾನೆ. ಆ ಲಿಪಿಯಲ್ಲಿ ಣಕಾರಕ್ಕೆ ಬೇರೆ ಅಕ್ಷರವಿಲ್ಲ, ಹ್ರಸ್ವದೀರ್ಘಗಳ ಭೇದವೂ ತೋರುವುದಿಲ್ಲ. ಹೀಗೆಯೇ ಗಡಿಯಾಚೆಯ ಮಾಜಾಳಿ 'ಮಜಲಿ'ಯಾಗುತ್ತದೆ. ಕಾರವಾರ 'ಕರ್ವರ್' ಆಗುತ್ತದೆ. ಪೋಳೆಂ, ಲೋಲಿಯೆಂ ಎಂಬ ಹೆಸರುಗಳ ಕೊನೆಯ ಸೊನ್ನೆಯನ್ನು ಇಲ್ಲಿಯ ಜನರು ಮೂಗಿನಲ್ಲಿ ನುಡಿದರೆ, ಕನ್ನಡ ಪುಸ್ತಕವನ್ನಷ್ಟೇ ಓದಿದ ಮಗು ಅದನ್ನು ಮಕಾರವೆಂದು ತಿಳಿದು ತುಟಿ ಮುಚ್ಚಿ ಓದುತ್ತದೆ. ತನ್ನ ಊರಿನ ಹೆಸರಿಗೇ ಮೂರು ರೂಪಗಳನ್ನು ಕಾಣುವ ಮಗುವು ಬರೆಯುವಾಗ ತಡವರಿಸಿದರೆ ಅದನ್ನು ದಡ್ಡತನವೆನ್ನಬಹುದೇ?

ಕನ್ನಡವನ್ನು ಆಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ, ಆದುದರಿಂದ ಕನ್ನಡದಲ್ಲಿ ಕಾಗುಣಿತದ ತೊಡಕೇ ಇಲ್ಲವೆಂದು ನಮ್ಮಲ್ಲಿ ಹಲವರು ಹೆಮ್ಮೆಯಿಂದ ಹೇಳುವುದುಂಟು. ಬರೆದಂತೆ ಓದುವುದು ಬಹುಮಟ್ಟಿಗೆ ನಿಜ. ಆಡಿದಂತೆ ಬರೆಯುತ್ತೇವೆಂಬುದು ಮಾತ್ರ ಅರ್ಧ ಸತ್ಯ. ಯಾರು ಆಡಿದಂತೆ? ಬಾಗಲಕೋಟೆಯವರು ಆಡಿದಂತೆಯೇ? ಮಂಡ್ಯದವರು ಆಡಿದಂತೆಯೇ? ಅಂಕೋಲೆಯವರು ಆಡಿದಂತೆಯೇ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಹೊಳೆದದ್ದಲ್ಲ. ಒಬ್ಬ ತಾಯಿ ನಮಗೆ ಕೇಳಿದ್ದು. ಆ ಪ್ರಸಂಗವನ್ನು ಹೇಳಲೇಬೇಕು. ಅದರಲ್ಲಿ ತಪ್ಪು ನಮ್ಮದೇ ಆಗಿತ್ತು.

ಕೆಲವು ವರ್ಷಗಳ ಹಿಂದೆ ಸಂಜೆಯ ಹೊತ್ತು ಒಂದು ಮನೆಯ ಜಗುಲಿಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆವು. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆಯ ಕಡೆಯಿಂದ ಬಂದಿದ್ದ ಕುಟುಂಬವೊಂದರ ಹುಡುಗನೂ ಬರುತ್ತಿದ್ದ, ಒಂಬತ್ತು ವರ್ಷದವನಿರಬೇಕು. ಒಂದು ದಿನ ಹತ್ತು ಶಬ್ದಗಳ ಶುದ್ಧಲೇಖನ ಹಾಕಿದೆವು. ಮನೆ, ಶಾಲೆ, ಎಲೆ, ಬೆಳೆ, ಕೆರೆ, ಎಮ್ಮೆ, ಕುದುರೆ ಇವು ಅದರಲ್ಲಿದ್ದವು. ಹುಡುಗ 'ಮನಿ, ಸಾಲಿ, ಎಲಿ, ಬೆಳಿ, ಕೆರಿ, ಎಮ್ಮಿ, ಕುದರಿ' ಎಂದು ಬರೆದ. ನಾವು ಕೆಂಪು ಮಸಿಯಿಂದ ಏಳನ್ನೂ ಹೊಡೆದುಹಾಕಿ, ಹತ್ತಕ್ಕೆ ಮೂರು ಅಂಕ ಕೊಟ್ಟು, ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದೆವು. ಉಳಿದ ಮಕ್ಕಳು ನಕ್ಕರು. ನಾವೂ ನಕ್ಕಿದ್ದೆವೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಅವನ ತಾಯಿ ಕೆಲಸದಿಂದ ನೇರವಾಗಿ ಬಂದರು. ಕೈಗಂಟಿದ ಸಿಮೆಂಟು ಇನ್ನೂ ಒಣಗಿರಲಿಲ್ಲ. ಜಗುಲಿಯ ಕೆಳಗೇ ನಿಂತು, "ಸರ್, ಮನ್ಯಾಗ ನಾವು ಮನಿ ಅಂತನ ಅಂತೀವ್ರಿ. ನಮ್ಮವ್ವ, ಅವರವ್ವ ಎಲ್ಲಾರೂ ಹಂಗ ಅಂದಾರ. ನಮ್ಮ ಮಾತ ತಪ್ಪೇನ್ರಿ?" ಎಂದರು. ಜಗಳದ ಧ್ವನಿಯಲ್ಲ ಅದು. ತಿಳಿದುಕೊಂಡು ಹೋಗಬೇಕೆಂಬ ಧ್ವನಿ. ನಮಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. "ತಪ್ಪಲ್ಲವ್ವ, ಹುಡುಗನನ್ನು ಕಳಿಸಿಕೊಡು" ಎಂದಷ್ಟೇ ಹೇಳಿದೆವು. ಅವರು ಹೋದ ಮೇಲೆ ಆ ಹಾಳೆಯನ್ನು ಮತ್ತೆ ತೆಗೆದು ನೋಡಿದೆವು. ಆಗ ಕಣ್ಣಿಗೆ ಬಿದ್ದದ್ದು ಇದು: ಏಳು ಶಬ್ದಗಳಲ್ಲಿಯೂ ಎಕಾರವಿದ್ದ ಕೊನೆಯಲ್ಲಿ ಇಕಾರ ಬಂದಿತ್ತು. ಸಾಲಿ, ಕುದರಿ ಇವುಗಳಲ್ಲಿ ಇನ್ನೊಂದು ಅಕ್ಷರವೂ ಆಡುಮಾತಿನಂತೆಯೇ ಬದಲಾಗಿತ್ತು. ಎಂದರೆ ಹುಡುಗ ಏಳು ತಪ್ಪು ಮಾಡಿರಲಿಲ್ಲ. ತನ್ನ ಸೀಮೆಯ ನುಡಿಯ ನಿಯಮವನ್ನು ಏಳು ಸಲವೂ ಚಾಚೂ ತಪ್ಪದೆ ಪಾಲಿಸಿದ್ದ. ಅವನ ಕಿವಿ ಬಲು ಸೂಕ್ಷ್ಮವಾಗಿತ್ತು. ಕಿವುಡಾಗಿದ್ದುದು ನಮ್ಮದು.

ಆ ತಾಯಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಸಭೆಯಲ್ಲಿ ಕೊಡುತ್ತೇವೆ. ಮಾತು ಮನೆಯದು, ಬರಹ ಚಾವಡಿಯದು. ನಮ್ಮ ತಾಲ್ಲೂಕಿನ ಮುಖ್ಯ ಪೇಟೆಯ ಹೆಸರೇ ಚಾವಡಿ. ಊರವರೆಲ್ಲ ಕೂಡುವ ಸ್ಥಳವೆಂದು ಅದರ ಅರ್ಥ. ಮನೆಯಲ್ಲಿ ಉಟ್ಟ ಬಟ್ಟೆಯಲ್ಲಿಯೇ ಇರುತ್ತೇವೆ, ಚಾವಡಿಗೆ ಹೋಗುವಾಗ ಮೇಲೊಂದು ಶಲ್ಯ ಹೊದೆಯುತ್ತೇವೆ. ಹಾಗೆಂದು ಮನೆಯ ಬಟ್ಟೆ ಹೀನವೆಂದು ಯಾರೂ ಹೇಳುವುದಿಲ್ಲ. ಬೀದರಿನವರೂ ಚಾಮರಾಜನಗರದವರೂ ಕಾಸರಗೋಡಿನವರೂ ಒಂದೇ ಪುಸ್ತಕವನ್ನು ಓದಬೇಕಾದರೆ 'ಮನೆ' ಎಂಬ ಒಂದು ಕೂಡುರೂಪ ಬೇಕು. ಆ ರೂಪ ಬೇಕೆಂಬುದಕ್ಕಾಗಿ 'ಮನಿ' ತಪ್ಪಾಗಬೇಕಾಗಿಲ್ಲ. ಮಗುವಿಗೆ "ನೀನು ಅನ್ನುವುದು ಮನಿ, ನಾವೆಲ್ಲರೂ ಬರೆಯುವುದು ಮನೆ" ಎಂದು ಹೇಳಿದರೆ ಒಂದೇ ಪಾಠದಲ್ಲಿ ಏಳು ಶಬ್ದಗಳೂ ನೇರವಾಗುತ್ತವೆ. ಹೇಳದೆ ಹೊಡೆದುಹಾಕಿದರೆ, ಮಗು ತನ್ನ ತಾಯಿಯ ಮಾತನ್ನೇ ಹೊಡೆದುಹಾಕಿದರೆಂದು ತಿಳಿಯುತ್ತದೆ.

ಈ ತೊಡಕು ಇಂದಿನದಲ್ಲ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನಿಗೂ ಇಂಥದೇ ಚಿಂತೆಯಿತ್ತು. ಆ ಕಾಲಕ್ಕೆ ಜನರ ನಾಲಗೆಯಲ್ಲಿ ೞಕಾರವು ಳಕಾರದೊಡನೆ ಬೆರೆತುಹೋಗುತ್ತಲಿತ್ತು. ಯಾವ ಶಬ್ದಕ್ಕೆ ಯಾವ ಅಕ್ಷರವೆಂಬುದು ಬರೆಯುವವರಿಗೆ ತೋಚದಂತಾಗಿತ್ತು. ಆತ ೞಕಾರವುಳ್ಳ ಶಬ್ದಗಳನ್ನು ಆರಿಸಿ ಪಟ್ಟಿಮಾಡಿಕೊಟ್ಟ. ಶಾಲೆಯ ಗುರುಗಳು ಕಠಿನ ಶಬ್ದಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದಿಲ್ಲವೇ, ಹಾಗೆ. ಮುಂದೆ ಆ ಅಕ್ಷರವೇ ಬಳಕೆಯಿಂದ ಬಿದ್ದುಹೋಯಿತು; 'ಮೞೆ'ಯನ್ನು ನಾವು 'ಮಳೆ'ಯೆಂದು ಬರೆಯುತ್ತೇವೆ, 'ಆಱು' ಎಂಬುದನ್ನು 'ಆರು' ಎಂದು ಬರೆಯುತ್ತೇವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಾಡುವಳ್ಳಿಯ ಭಟ್ಟಾಕಳಂಕನು 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅವರ ಬರವಣಿಗೆಯನ್ನು ಒಂದು ಹದಕ್ಕೆ ತರಬೇಕೆಂಬುದು ಪರಿಷತ್ತಿನ ಹಂಬಲಗಳಲ್ಲಿ ಒಂದಾಗಿತ್ತು. ಇಷ್ಟು ತಲೆಮಾರಿನ ವಿದ್ವಾಂಸರು ಹೆಣಗಿದ ಕೆಲಸವನ್ನು ಎಂಟು ವರ್ಷದ ಕೂಸು ಎಂಟು ದಿನಗಳಲ್ಲಿ ಮುಗಿಸಬೇಕೆಂದು ಆಗ್ರಹಿಸುವುದು ನ್ಯಾಯವಲ್ಲ.

ಇನ್ನು ನಮ್ಮ ಸೀಮೆಗೇ ವಿಶೇಷವಾದ ತೊಡಕಿಗೆ ಬರೋಣ. ಸೋದೆಯ ಅರಸರ ಕೈಯಲ್ಲಿದ್ದ ಈ ಪ್ರದೇಶ ಹದಿನೆಂಟನೆಯ ಶತಮಾನದಲ್ಲಿ ಪೋರ್ತುಗೀಜರ ಪಾಲಾಗಿ, 1961ರ ಡಿಸೆಂಬರ್ 19ರಂದು ಬಿಡುಗಡೆ ಹೊಂದಿತು. 1987ರಲ್ಲಿ ದೇವನಾಗರಿ ಲಿಪಿಯ ಕೊಂಕಣಿಯು ಗೋವೆಯ ರಾಜಭಾಷೆಯಾಯಿತು; ಮರಾಠಿಯ ಬಳಕೆಗೂ ಅವಕಾಶವಾಯಿತು. ಆದುದರಿಂದ ನಮ್ಮ ಅನೇಕ ಮಕ್ಕಳು ಮೊದಲು ನಾಗರಿಯನ್ನೋ ರೋಮನ್ನನ್ನೋ ತಿದ್ದಿ, ಆಮೇಲೆ ಕನ್ನಡಕ್ಕೆ ಬರುತ್ತಾರೆ. ಇದರಲ್ಲಿ ಮರುಗಬೇಕಾದುದೇನೂ ಇಲ್ಲ. ಕೊಂಕಣಿಯು ದೇವನಾಗರಿ, ರೋಮನ್, ಕನ್ನಡ, ಮಲೆಯಾಳ, ಅರಬ್ಬಿ ಹೀಗೆ ಐದು ಲಿಪಿಗಳಲ್ಲಿ ಬರೆಯಿಸಿಕೊಂಡ ಭಾಷೆ. ಕನ್ನಡ ಲಿಪಿಯೂ ಅದರ ಸೇವೆ ಮಾಡಿದೆ. ಎರಡು ಲಿಪಿ ಬಲ್ಲ ಮಗು ಎರಡು ಕಣ್ಣುಳ್ಳ ಮಗು. ಆದರೆ ಒಂದು ಲಿಪಿಯ ಅಭ್ಯಾಸ ಇನ್ನೊಂದರಲ್ಲಿ ಎಲ್ಲಿ ಎಡವಿಸುತ್ತದೆಂಬುದನ್ನು ಕಲಿಸುವವರು ಅರಿತಿರಬೇಕು. ಅಂಥ ಎಡೆಗಳು ಮುಖ್ಯವಾಗಿ ಮೂರು.

ಮೊದಲನೆಯದು ಎಕಾರ ಒಕಾರಗಳು. ನಾಗರಿಯ ರೂಢಿಯ ಬಾರಾಖಡಿಯಲ್ಲಿ, ಹೆಸರೇ ಹೇಳುವಂತೆ, ಹನ್ನೆರಡು ರೂಪಗಳು. ನಮ್ಮ ಕಾಗುಣಿತದಲ್ಲಿ ಕೃಕಾರವನ್ನು ಸೇರಿಸಿದರೆ ಹದಿನೈದು. ಕೃಕಾರವನ್ನು ಬದಿಗಿಟ್ಟರೆ ಉಳಿಯುವ ಹೆಚ್ಚಿನ ರೂಪಗಳು ಎರಡೇ ಎರಡು. ಬಾರಾಖಡಿಯಲ್ಲಿ ಎ-ಏಗಳಿಗೆ ಕೂಡಿ ಒಂದೇ ಗುರುತು, ಒ-ಓಗಳಿಗೆ ಕೂಡಿ ಒಂದೇ ಗುರುತು. ನಮ್ಮಲ್ಲಿ ಕೆ ಬೇರೆ, ಕೇ ಬೇರೆ. ಕೊ ಬೇರೆ, ಕೋ ಬೇರೆ. ನಾಗರಿಯಿಂದ ಬಂದ ಮಗು ಈ ಎರಡು ಜೋಡಿಗಳಲ್ಲಿಯೇ ಹೆಚ್ಚಾಗಿ ತಪ್ಪುತ್ತದೆ. ತಪ್ಪಿದರೆ ಅರ್ಥವೇ ಕೆಡುತ್ತದೆ. ಕೆರೆಯಲ್ಲಿ ಮೀಯಬಹುದು, ಕೇರೆಯನ್ನು ಕಂಡರೆ ಓಡಬೇಕು. ಬೆಳೆ ಹೊಲದಲ್ಲಿ, ಬೇಳೆ ಗಡಿಗೆಯಲ್ಲಿ. ಕೊಡು ಎಂದರೆ ಕೈ ಚಾಚುವುದು, ಕೋಡು ಎಂದರೆ ಎತ್ತಿನ ತಲೆಯ ಮೇಲಿರುವುದು. ತೊಡುವುದು ಬಟ್ಟೆಯನ್ನು, ತೋಡುವುದು ಬಾವಿಯನ್ನು. ಇಂಥ ಇಪ್ಪತ್ತು ಜೋಡಿಗಳನ್ನು ಆಟದಂತೆ ಆಡಿಸಿದರೆ ಮಗುವಿನ ಕಿವಿ ತೆರೆಯುತ್ತದೆ. ಕಿವಿ ತೆರೆದರೆ ಕೈ ತಾನಾಗಿ ತಿದ್ದಿಕೊಳ್ಳುತ್ತದೆ.

ಎರಡನೆಯದು ಶಬ್ದದ ಕೊನೆಯ ಅಕಾರ. ನಾಗರಿಯಲ್ಲಿ 'ಕಮಲ' ಎಂದು ಬರೆದು 'ಕಮಲ್' ಎಂದು ಓದುವುದು ವಾಡಿಕೆ. ಕನ್ನಡದಲ್ಲಿ ಬರೆದ ಅಕಾರವನ್ನು ನುಂಗುವಂತಿಲ್ಲ. ಈ ವಾಡಿಕೆಯ ಮಗು 'ಮರ'ವನ್ನು 'ಮರ್' ಎಂದು ಓದುತ್ತದೆ, ಮತ್ತೆ ಓದಿದಂತೆ ಬರೆಯುತ್ತದೆ. ಗಟ್ಟಿಯಾಗಿ ಓದಿಸುವುದೊಂದೇ ಇದಕ್ಕೆ ಮದ್ದು.

ಮೂರನೆಯದು ಒತ್ತಕ್ಷರ. ನಾಗರಿಯಲ್ಲಿ ಸಾಮಾನ್ಯವಾಗಿ ಮೊದಲಿನ ವ್ಯಂಜನವು ಅರ್ಧವಾಗಿ ಎರಡನೆಯದು ಇಡಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲಿನದು ಇಡಿಯಾಗಿ ನಿಂತು ಎರಡನೆಯದು ಅದರ ಕೆಳಗೆ ಒತ್ತಾಗಿ ಇಳಿಯುತ್ತದೆ. ಅರ್ಕಾವೊತ್ತಂತೂ ದೊಡ್ಡವರನ್ನೂ ದಿಕ್ಕುಗೆಡಿಸುವಂಥದು. ನಾಗರಿಯ ರೇಫವು ಅಕ್ಷರದ ತಲೆಯ ಮೇಲೆ ಕುಳಿತರೆ, ನಮ್ಮದು ಅಕ್ಷರದ ಬಲಕ್ಕೆ ನಿಲ್ಲುತ್ತದೆ; ನುಡಿಯುವಾಗ ಮೊದಲು ಬರುವುದು ಬರೆಯುವಾಗ ಕೊನೆಗೆ ಬರುತ್ತದೆ. 'ಸೂರ್ಯ'ನನ್ನು 'ಸೂಯ್ರ'ನೆಂದು ಬರೆದ ಮಗು ತಾನು ಕಂಡ ಗುರುತಿನ ಕ್ರಮವನ್ನು ನಂಬಿ ಹಾಗೆ ಬರೆಯಿತೆಂದು ತಿಳಿಯಬೇಕು. ಕತೆಗೆ ಒಂದು ಒತ್ತು ಹೆಚ್ಚಾದರೆ ಕತ್ತೆಯಾಗುತ್ತದೆ, ಹಳ್ಳಿಗೆ ಒಂದು ಒತ್ತು ಕಡಮೆಯಾದರೆ ರೈಲಿನ ಹಳಿಯಾಗುತ್ತದೆ ಎಂದು ನಗಿಸಿ ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ. ಆದರೆ ನಗು ಶಬ್ದದ ಮೇಲೆ ಇರಬೇಕು, ಮಗುವಿನ ಮೇಲೆ ಅಲ್ಲ.

ಹಾಗಾದರೆ ಕಲಿಸುವ ಬಗೆ ಯಾವುದು? ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಸೂಚಿಸುತ್ತೇವೆ. ಹಿಂದೆ ಐಗಳ ಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮರಳಿನ ಗುಣವೆಂದರೆ ತಪ್ಪು ಅದರಲ್ಲಿ ಉಳಿಯುವುದಿಲ್ಲ. ಅಂಗೈ ಆಡಿಸಿದರೆ ಮತ್ತೆ ಹೊಸ ನೆಲ. ನಮ್ಮ ಕೆಂಪು ಮಸಿಗೆ ಈ ಕರುಣೆಯಿಲ್ಲ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತ 'ನಲಿಕಲಿ' ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು 'ರ, ಗ, ಸ, ದ, ಅ' ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಈ ಐದರಿಂದಲೇ ಸರ, ಅಗಸ, ಅರಸ, ಗರಗಸ ಎಂಬ ಶಬ್ದಗಳು ಹುಟ್ಟುತ್ತವೆ. ಮಗು ಮೊದಲ ದಿನಗಳಲ್ಲಿಯೇ ಅಕ್ಷರದಿಂದ ಅರ್ಥಕ್ಕೆ ದಾಟುತ್ತದೆ. ಮನೆಯಲ್ಲಿ ಕಲಿಸುವ ತಂದೆತಾಯಿಗಳೂ ಈ ದಾರಿ ಹಿಡಿಯಬಹುದು.

ಶುದ್ಧಲೇಖನ ಬೇಡವೆಂದು ನಾವು ಹೇಳುವುದಿಲ್ಲ. ಅದರ ರೀತಿ ಬದಲಾಗಲಿ. ಒಂದು ಸಲಕ್ಕೆ ಐದೇ ಶಬ್ದ ಸಾಕು. ಐದರಲ್ಲಿಯೂ ಒಂದೇ ತೊಡಕು ಇರಲಿ, ಇಂದು ಎಕಾರ, ನಾಳೆ ಒತ್ತು. ಬರೆದ ಮೇಲೆ ಮಗುವೇ ಗಟ್ಟಿಯಾಗಿ ಓದಿ, ತಪ್ಪನ್ನು ತಾನೇ ಹುಡುಕಲಿ. ಹುಡುಕಿದ ತಪ್ಪಿಗೆ ಅಂಕ ಕಳೆಯುವುದರ ಬದಲು ಅಂಕ ಕೊಡಿರಿ. ತಪ್ಪಿದ ಶಬ್ದವನ್ನು ಐವತ್ತು ಸಲ ಬರೆಯಿಸುವ ಶಿಕ್ಷೆಯನ್ನು ಮಾತ್ರ ಬಿಟ್ಟುಬಿಡಿರಿ. ಹತ್ತನೆಯ ಸಲದ ಹೊತ್ತಿಗೆ ಮನಸ್ಸು ಬೇರೆಡೆಗೆ ಹೋಗಿ, ಇಪ್ಪತ್ತನೆಯ ಸಲದ ಹೊತ್ತಿಗೆ ಹೊಸ ತಪ್ಪು ಕೈಗೆ ಹತ್ತಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತಿದ್ದುವ ಮೊದಲು "ಹೀಗೇಕೆ ಬರೆದೆ, ಮಗು?" ಎಂದು ಒಮ್ಮೆ ಕೇಳಿರಿ. ಹತ್ತರಲ್ಲಿ ಎಂಟು ಸಲ ಅದಕ್ಕೊಂದು ಕಾರಣವಿರುತ್ತದೆ.

ಮಹಾಪ್ರಾಣಗಳ ವಿಷಯದಲ್ಲಿ ಒಂದು ಮಾತು. ಖ, ಘ, ಛ, ಠ, ಧ, ಭ ಇವುಗಳನ್ನು ದಿನದ ಮಾತಿನಲ್ಲಿ ಸ್ಪಷ್ಟವಾಗಿ ನುಡಿಯುವ ಕನ್ನಡಿಗರು ವಿರಳ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇದನ್ನೇ ಎತ್ತಿ ತೋರಿಸಿ, ನುಡಿಯದ ಅಕ್ಷರಗಳನ್ನು ಬರಹದಿಂದಲೂ ಬಿಡಬಹುದೆಂದು ವಾದಿಸಿದರು. ನಾಡು ಆ ವಾದವನ್ನು ಒಪ್ಪಿಕೊಂಡಿಲ್ಲ. ಹಳೆಯ ಗ್ರಂಥಗಳೊಡನೆ ಸಂಬಂಧ ಕಡಿಯುವುದೆಂಬ ಅಂಜಿಕೆ ಅನೇಕರಿಗಿದೆ. ನಾವೂ ಮಕ್ಕಳಿಗೆ ಇವುಗಳನ್ನು ಕಲಿಸಬೇಕೆನ್ನುವವರೇ. ಆದರೆ ಕಲಿಸುವವರ ನಾಲಗೆಯಲ್ಲಿಯೇ ಇಲ್ಲದ ಧ್ವನಿಯನ್ನು ಮಗು ಕೇಳಿ ಬರೆಯಬೇಕೆಂದರೆ ಹೇಗೆ? ಇಂಥ ಶಬ್ದಗಳನ್ನು ಕಿವಿಯಿಂದಲ್ಲ, ಕಣ್ಣಿನಿಂದ ಕಲಿಸಬೇಕು. ಪುಸ್ತಕದಲ್ಲಿ ಮತ್ತೆ ಮತ್ತೆ ಕಂಡ ಶಬ್ದವೇ ಕೈಗೆ ಬರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಗಡಿಯ ಮಕ್ಕಳಿಗೆ ಅನುಕೂಲವೇ ಇದೆ: ಕೊಂಕಣಿ, ಮರಾಠಿಗಳಲ್ಲಿ ಮಹಾಪ್ರಾಣ ಬಳಕೆಯಲ್ಲಿದೆ. ನೆರೆಯ ಭಾಷೆಯ ಗೆಳೆತನದಿಂದ ನಮ್ಮ ಕಾಗುಣಿತ ಸುಧಾರಿಸುವುದಾದರೆ ಬೇಡವೆನ್ನಲು ನಾವಾರು?

ಹಿರಿಯರಿಗೂ ಒಂದೆರಡು ಬಿನ್ನಹಗಳಿವೆ. ಈಗ ಮಕ್ಕಳ ಕೈಗೆ ಮೊಬೈಲು ಬಂದಿದೆ. ಅದರಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ರೂಢಿಯಾಗಿದೆ. ದೊಡ್ಡವರಾದ ನಾವೂ ಹಾಗೆಯೇ ಬರೆಯುತ್ತೇವೆ. ಆ ಬರಹದಲ್ಲಿ ಬೆಳೆ, ಬೇಳೆ, ಬೆಲೆ ಮೂರಕ್ಕೂ ಒಂದೇ ರೂಪ. ಅದೇ ಮೊಬೈಲಿನಲ್ಲಿ ಕನ್ನಡ ಅಕ್ಷರಗಳೂ ಇವೆ, ಅವುಗಳನ್ನು ಬಳಸೋಣ. ತಿಂಗಳಿಗೊಮ್ಮೆ ಊರಿನಲ್ಲಿರುವ ಅಜ್ಜನಿಗೋ ಅಜ್ಜಿಗೋ ಮಗುವಿನ ಕೈಯಿಂದ ನಾಲ್ಕು ಸಾಲಿನ ಕಾಗದ ಬರೆಯಿಸೋಣ. ಯಾರಾದರೂ ಓದುವರೆಂದು ಗೊತ್ತಿದ್ದರೆ ಮಗು ಎಚ್ಚರಿಕೆಯಿಂದ ಬರೆಯುತ್ತದೆ. ಅಂಕಕ್ಕಾಗಿ ಬರೆಯುವಾಗ ಆ ಎಚ್ಚರಿಕೆ ಬರುವುದಿಲ್ಲ.

ಸಂಘದ ಕಾರ್ಯಕರ್ತರು ನಮ್ಮ ಸಂವಿಧಾನದ 350-ಎ ವಿಧಿಯನ್ನು ಮರೆಯಬಾರದು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ಆ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಆ ಅನುಕೂಲವನ್ನು ಕೇಳುವುದು ನಮ್ಮ ಹಕ್ಕು. ಆದರೆ ಹಕ್ಕು ದೊರೆತ ಮೇಲೆ ತರಗತಿಯಲ್ಲಿ ಕುಳಿತುಕೊಳ್ಳಲು ಮಕ್ಕಳಿರಬೇಕಷ್ಟೆ. ಶಾಲೆಯನ್ನು ಸರಕಾರ ಕೊಡಬಹುದು. ಅಲ್ಲಿ ಮಗು ಅಂಜದೆ ಕೂಡುವಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಆ ಹುಡುಗ ಏನಾದನೆಂದು ತಾವು ಕೇಳಬಹುದು. ತಾಯಿ ಬಂದು ಹೋದ ಮರುದಿನ ಜಗುಲಿಗೆ ಬಂದ, ಎಲ್ಲರಿಗಿಂತ ಹಿಂದೆ ಕುಳಿತ. ನಾವು ಹಲಗೆಯ ಮೇಲೆ ಎಡಕ್ಕೆ 'ಮನಿ', ಬಲಕ್ಕೆ 'ಮನೆ' ಎಂದು ಬರೆದು, ನಡುವೆ ಗೆರೆಯೆಳೆದು, "ಇದು ಮನೆಯ ಮಾತು, ಇದು ಚಾವಡಿಯ ಬರಹ, ಎರಡೂ ನಮ್ಮವೇ" ಎಂದೆವು. ಉಳಿದ ಆರು ಶಬ್ದಗಳನ್ನು ಅವನೇ ಎದ್ದು ಬಂದು ಎರಡೂ ಕಡೆ ಬರೆದ. ಶಾಲೆಯೊಂದರಲ್ಲಿ ಕೈ ತಡೆಯಿತು. ಲೆ ಬರೆದಾಗಿತ್ತು, ಮೊದಲನೆಯ ಸಕಾರವನ್ನು ಶಕಾರ ಮಾಡಬೇಕೆಂದು ನಾವು ಹೇಳಿಕೊಟ್ಟೆವು. ಆ ವರ್ಷದ ಮಳೆಗಾಲಕ್ಕೆ ಮುನ್ನ ಕೆಲಸ ಮುಗಿದು ಆ ಕುಟುಂಬ ಬೇರೆ ಊರಿಗೆ ಹೋಯಿತು. ಹೋಗುವ ಮುನ್ನ ಹುಡುಗ ತನ್ನ ಅಜ್ಜಿಗೆ ಬರೆದ ಕಾಗದವನ್ನು ನಮಗೆ ತೋರಿಸಿದ್ದ. ಅದರಲ್ಲಿ ನಾಲ್ಕು ತಪ್ಪುಗಳಿದ್ದವು. ನಾವು ಲೇಖನಿಯನ್ನು ಜೇಬಿನಿಂದ ತೆಗೆಯಲಿಲ್ಲ. ಅಜ್ಜಿಗೆ ಅರ್ಥವಾಗುವುದರಲ್ಲಿ ಸಂದೇಹವಿರಲಿಲ್ಲ.